ಮಸ್ಕತ್ತಿನಲ್ಲಿ ತೆರೆಯದ ಟ್ಯಾಬ್

ಚಾಮರಾಜಪೇಟೆ, ಬೆಂಗಳೂರು 560018
9 ಫೆಬ್ರವರಿ 2025

ಮಗಳು ರಂಜಿನಿಗೆ,

ಇಲ್ಲಿ ನನ್ನ ಕಣ್ಣೊಂದು ಬಿಟ್ಟು ಉಳಿದದ್ದೆಲ್ಲ ನೆಟ್ಟಗಿದೆ. ಅಕ್ಷರ ನೋಡಿ ಗಾಬರಿಯಾಗಬೇಡ. ಮಾತು ನನ್ನದು, ಕೈ ನಿನ್ನ ಅತ್ತಿಗೆ ಧನುಶ್ರೀಯದು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಸಕ್ಕರೆ ಇಳಿಯುವವರೆಗೆ ಆಪರೇಷನ್ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಆರ್.ಎಂ.ಎಸ್.ನಲ್ಲಿ ಮೂವತ್ತನಾಲ್ಕು ವರ್ಷ, ಓಡುವ ರೈಲಿನ ಅಂಚೆ ಬೋಗಿಯಲ್ಲಿ ನಿಂತು ಊರವರ ಕಾಗದಗಳ ವಿಳಾಸ ಓದಿ ಗೂಡಿಗೆ ಹಾಕಿದ ಕಣ್ಣು ಇದು. ಈಗ ಸ್ವಂತ ಮಗಳ ಕಾಗದ ಓದಿಸಿಕೊಳ್ಳಲು ಸೊಸೆಯನ್ನು ಕೂಗಬೇಕು.

ಫೋನ್ ಇದೆಯಲ್ಲ, ಕಾಗದ ಯಾಕೆ ಎಂದು ನಿನ್ನ ಅಣ್ಣ ಅನಿರುದ್ಧ ನಗುತ್ತಾನೆ. ಡಿಪೋದಲ್ಲಿ ಬಸ್ಸಿನ ಇಂಜಿನ್ ಬಿಚ್ಚುವುದರಲ್ಲಿ ಅವನು ಜಾಣ, ಇದು ಅವನಿಗೆ ತಿಳಿಯುವುದಿಲ್ಲ. ಲಕ್ಷಗಟ್ಟಲೆ ಕಾಗದ ಈ ಕೈಯಲ್ಲಿ ಹಾದುಹೋದವು, ಒಂದರ ಮೇಲೂ ನನ್ನ ಹೆಸರಿರಲಿಲ್ಲ. ಅದಕ್ಕೇ ನೀನು ಮಸ್ಕತ್ತಿನ ಲ್ಯಾಬ್ ಕೆಲಸಕ್ಕೆ ಹೋಗುತ್ತೇನೆಂದು ಹಠ ಹಿಡಿದಾಗ ಎರಡು ಷರತ್ತು ಹಾಕಿದ್ದು. ತಿಂಗಳಿಗೊಂದು ಕಾಗದ ಬರೆಯಬೇಕು. ಡ್ಯೂಟಿ ಮುಗಿದ ಮೇಲೆ ಎಫ್‌ಡಿಎ ಪರೀಕ್ಷೆಗೆ ಓದಬೇಕು, ಪಾಸಾಗಿ ಬಂದು ಇಲ್ಲಿ ಸರ್ಕಾರಿ ಕುರ್ಚಿಯಲ್ಲಿ ಕೂರಬೇಕು.

ಎರಡನೆಯದನ್ನು ನೀನು ನಡೆಸುತ್ತಿದ್ದೀಯ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿದೆ. ಹೊರಡುವಾಗ ಮಲ್ಲೇಶ್ವರದ ಸಂಪಿಗೆ ರಸ್ತೆಯ ಕೋಚಿಂಗ್ ಸೆಂಟರಿನಿಂದ ಕೊಡಿಸಿದ ಟ್ಯಾಬ್ ಇದೆಯಲ್ಲ, ಅದರಲ್ಲಿ ಎಷ್ಟು ಹೊತ್ತು ಪಾಠ ಕೇಳಿದೆ ಎಂದು ಅವರು ತಿಂಗಳಿಗೊಮ್ಮೆ ನನ್ನ ಫೋನಿಗೆ ಮೆಸೇಜ್ ಕಳಿಸುತ್ತಾರೆ. ಧನು ಓದಿ ಹೇಳಿದಳು. ಜನವರಿಯಲ್ಲಿ ನಲವತ್ತೊಂದು ಗಂಟೆ. ನನ್ನ ಜೊತೆ ರೈಲಿನಲ್ಲಿದ್ದ ಮೂರ್ತಿ, ಅಗ್ಗದ ಟ್ಯಾಬು, ಆ ದೇಶದ ಬಿಸಿಲಿಗೆ ಒಂದು ವಾರ ಬಾಳಿಕೆ ಬರಲ್ಲ ಎಂದು ಹೆದರಿಸಿದ್ದ. ನಿನ್ನೆ ಅವನ ಮನೆಗೆ ಹೋಗಿ ನಲವತ್ತೊಂದು ಎಂದು ಹೇಳಿ ಬಂದೆ. ಕಾಫಿ ಕೊಟ್ಟ.

ಶಭಾಷ್ ಮಗಳೇ. ಇದನ್ನು ಎರಡು ಸಲ ಬರಿ ಎಂದು ಧನುಗೆ ಹೇಳಿದ್ದೇನೆ. ಶಭಾಷ್.

ನಿನ್ನ ಅಪ್ಪ,
ಚಲುವರಾಜು

ರಂಜಿನಿ, ಇಲ್ಲಿಂದ ಕೆಳಗೆ ನನ್ನದು. ಮಾವ ಮಕ್ಕಳಕೂಟದ ಪಾರ್ಕಿನ ಕಡೆ ವಾಕಿಂಗ್ ಹೋದರು, ಹಾಳೆಯಲ್ಲಿ ಜಾಗ ಉಳಿದಿದೆ. ನಿನ್ನ ಗೆಳತಿ ಗುರುಬಸಮ್ಮ ಡಿಸೆಂಬರಿನಲ್ಲಿ ತಂದುಕೊಟ್ಟ ಟ್ಯಾಬ್ ರಾಗಿಹಿಟ್ಟಿನ ಡಬ್ಬದ ಹಿಂದೆ ಕ್ಷೇಮವಾಗಿದೆ. ಆ ನಲವತ್ತೊಂದು ಗಂಟೆಯೂ ನನ್ನದು. ಮಗ ಕಶ್ಯಪ್ ಸ್ಕೂಲಿಗೆ, ಮಾವ ವಾಕಿಂಗಿಗೆ ಹೋದ ಮೇಲೆ ಒಂದು ಗಂಟೆ. ಮಧ್ಯಾಹ್ನ ಮಾವ ಮಲಗಿದಾಗ ಇನ್ನೊಂದು. ಅವರ ಗೊರಕೆ ನಿಂತರೆ ಟ್ಯಾಬ್ ಡಬ್ಬದ ಹಿಂದೆ ಹೋಗುತ್ತದೆ.

ಮೆಸೇಜ್ ಓದಿ ಹೇಳುವಾಗ ಸೊನ್ನೆ ಅಂದುಬಿಡಬಹುದಿತ್ತು. ನಿನ್ನ ಹೆಸರಿನಲ್ಲಾದರೂ ಯಾರಾದರೂ ಶಭಾಷ್ ಅನ್ನಲಿ ಅನ್ನಿಸಿತು. ಮದುವೆಯಾದ ಎರಡನೇ ವರ್ಷ ಇದೇ ಪರೀಕ್ಷೆಗೆ ಅರ್ಜಿ ಹಾಕುತ್ತೇನೆಂದಾಗ ಮಾವ ಬೈಯಲಿಲ್ಲ. "ಈ ಮನೇಲಿ ಒಬ್ರು ಹೊರಗಿದ್ದದ್ದೇ ಸಾಕು ಕಣಮ್ಮ" ಅಂದರು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಈ ಸೆಪ್ಟೆಂಬರಿಗೆ ನನಗೆ ನಲವತ್ತು ತುಂಬುತ್ತದೆ, ಮೀಸಲಾತಿಯಲ್ಲಿ ನಮ್ಮವರಿಗಿರುವ ವಯೋಮಿತಿಯೂ ಅಲ್ಲಿಗೆ ಮುಗಿಯಿತು. ಇದೊಂದು ಸಲ ತಪ್ಪಿದರೆ ಮತ್ತೆ ಬರೆಯುವ ಹಾಗಿಲ್ಲ. ಈಗ ಹೇಳಿದರೆ ಬೇಡ ಅನ್ನುತ್ತಾರೆ. ಬೇಡ ಅಂದ ಮೇಲೆ ಮೀರಿ ನಡೆಯುವ ಧೈರ್ಯ ನನಗಿಲ್ಲ, ಹೇಳದೆ ಇರುವಷ್ಟು ಧೈರ್ಯ ಮಾತ್ರ ಇದೆ. ನಿನ್ನ ಅಣ್ಣನಿಗೆ ಗೊತ್ತು. ಅಪ್ಪನ ಮುಂದೆ ಅವರು ಬಾಯಿ ಬಿಡುವವರಲ್ಲ ಅನ್ನುವುದು ನಿನಗೂ ಗೊತ್ತು.

ಆದ್ದರಿಂದ ಓದುತ್ತಿದ್ದೇನೆ ಎಂದು ಒಂದು ಸಾಲು ಬರಿ.

ಧನು


ರೂವಿ, ಮಸ್ಕತ್
2 ಮಾರ್ಚ್ 2025

ಅಪ್ಪನಿಗೆ,

ನಿಮ್ಮ ಕಾಗದ ಹದಿನಾರು ದಿನಕ್ಕೆ ತಲುಪಿತು. ನಿಮ್ಮ ಲೆಕ್ಕದಲ್ಲಿ ಇದು ತಡವೋ ಬೇಗವೋ ತಿಳಿಸಿ. ಇಲ್ಲಿ ಮನೆ ಬಾಗಿಲಿಗೆ ಪೋಸ್ಟ್‌ಮನ್ ಬರುವುದಿಲ್ಲ, ಎಲ್ಲರದ್ದೂ ಪಿ.ಒ. ಬಾಕ್ಸ್. ನಮ್ಮ ಕ್ಲಿನಿಕ್ಕಿನ ಬಾಕ್ಸಿನ ಬೀಗ ತೆಗೆದರೆ ಬಿಲ್ಲುಗಳ ನಡುವೆ ನಿಮ್ಮ ಕಾಗದ ಒಂದೇ ಕಾಗದದ ಹಾಗೆ ಕಾಣುತ್ತದೆ.

ಉಪವಾಸದ ತಿಂಗಳು ಶುರುವಾಗಿದೆ, ರಕ್ತ ಕೊಡಲು ಬರುವವರು ಕಡಿಮೆ. ಹಾಗಾಗಿ ಹೊತ್ತು ಸಿಗುತ್ತದೆ. ಓದು ನಡೆದಿದೆ. ನಲವತ್ತೊಂದು ದೊಡ್ಡದೇನಲ್ಲ, ಮನಸ್ಸಿಟ್ಟವರು ಇನ್ನೂ ಓದಬಲ್ಲರು. ಮೂರ್ತಿ ಮಾವನಿಗೆ ನಮಸ್ಕಾರ ಹೇಳಿ. ಸಕ್ಕರೆ ಇಳಿಸಿಕೊಳ್ಳಿ. ಅಂಚೆ ಕಚೇರಿಯ ಪಕ್ಕದ ಬೋಂಡಾ ಈಗ ಬೇಡ.

ರಂಜಿನಿ

(ಬೇರೆ ಚೀಟಿಯಲ್ಲಿ)

ಅತ್ತಿಗೆ, ಇದನ್ನು ಅಪ್ಪನಿಗೆ ಓದಬೇಡಿ.

ನೀವು ಕೇಳಿದ ಸಾಲನ್ನು ಬರೆದಿದ್ದೇನೆ. ಬರೆಯುವುದು ಕಷ್ಟವಾಗಲಿಲ್ಲ, ಬರೆದ ಮೇಲೆ ಆಯಿತು. ಟ್ಯಾಬ್ ಇಲ್ಲಿ ಏನು ಮಾಡಿತು ಎಂದು ನಿಮಗೆ ಪೂರ್ತಿ ಹೇಳಿಲ್ಲ. ಬಂದ ಸಂಜೆಯೇ ತೆರೆದೆ. ಈ ಸಾಧನ ಭಾರತದೊಳಗೆ ಮಾತ್ರ ಕೆಲಸ ಮಾಡುತ್ತದೆ ಎಂದು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬಂತು. ಮೂರು ಭಾಷೆಯಲ್ಲಿ ಬೇಡ ಅನ್ನಿಸಿಕೊಂಡ ಮೇಲೂ ಬಿಡಲಿಲ್ಲ. ಬೆಂಗಳೂರಿನ ಸಿಮ್ ಹಾಕಿದೆ. ಎರಡು ನಿಮಿಷ ಪಾಠ ಬಂತು, ಒಬ್ಬರು ಮೇಷ್ಟ್ರು ಕರ್ನಾಟಕದ ಏಕೀಕರಣ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದರು, ಬಾಯಿ ತೆರೆದ ಹಾಗೇ ನಿಂತುಬಿಟ್ಟರು. ಆಮೇಲೆ ಲ್ಯಾಬಿನ ಮಲಯಾಳಿ ಹುಡುಗಿಯೊಬ್ಬಳು ಏನೋ ಹಾಕಿ, ನೀನು ಕೊಚ್ಚಿಯಲ್ಲಿದ್ದೀಯ ಎಂದು ಅದನ್ನು ನಂಬಿಸಿದಳು. ಒಂದು ದಿನ ನಂಬಿತು. ಮರುದಿನ ಪೋಷಕರ ಫೋನಿಗೆ ಬಂದ ಸಂಖ್ಯೆ ಹಾಕಿ ಎಂದು ಕೂತಿತು. ಪೋಷಕರು ಅಂದರೆ ಅಪ್ಪ.

ಅದರ ಗಡಿಯಾರ ಮಾತ್ರ ನಡೆಯುತ್ತಿತ್ತು, ಅದೂ ಭಾರತದ್ದು. ಎಷ್ಟು ತಿದ್ದಿದರೂ ಮಸ್ಕತ್ತಿನ ಹೊತ್ತು ಒಪ್ಪಲಿಲ್ಲ. ಮೂರು ವಾರ ಕಿಟಕಿಯಲ್ಲಿ ಇಟ್ಟುಕೊಂಡು, ಈಗ ಕಶ್ಯಪ್ ಸ್ಕೂಲಿಗೆ ಹೊರಟ, ಈಗ ಅಪ್ಪ ಮಲಗಿದರು ಎಂದು ನೋಡುತ್ತಿದ್ದೆ. ಗುರುಬಸಮ್ಮ ರಜೆಗೆ ಹೊರಟಾಗ ನಿಮಗೆ ಉಪಯೋಗವಾಗಲಿ ಎಂದು ಕೊಟ್ಟು ಕಳಿಸಿದೆ.

ನಿಜ ಹೇಳುತ್ತೇನೆ. ಅದು ತೆರೆಯದಿದ್ದಾಗ ನನಗೆ ಬೇಸರವಾಗಲಿಲ್ಲ, ಸಮಾಧಾನವಾಯಿತು. ನನಗೆ ಎಫ್‌ಡಿಎ ಬೇಡ. ಈ ಲ್ಯಾಬ್ ಕೆಲಸ ನನಗೆ ಬರುತ್ತದೆ, ಇಷ್ಟವಾಗುತ್ತದೆ. 2027ರವರೆಗೆ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ನೀವು ಓದುವುದನ್ನು ಅಪ್ಪನಿಗೆ ಹೇಳಲಾರಿರಿ, ನಾನು ಓದದ್ದನ್ನು ಹೇಳಲಾರೆ. ಇಬ್ಬರಿಗೂ ಒಂದೇ ಟ್ಯಾಬ್ ಸಾಕಾಗಿದೆ.


ಚಾಮರಾಜಪೇಟೆ
6 ಏಪ್ರಿಲ್ 2025

ಮಗಳು ರಂಜಿನಿಗೆ,

ಹದಿನಾರು ದಿನ ತಡವೂ ಅಲ್ಲ, ಬೇಗವೂ ಅಲ್ಲ. ಎರಡು ಕಡೆಯ ಕಸ್ಟಮ್ಸಿಗೆ ತಲಾ ನಾಲ್ಕು ದಿನ ತೆಗೆದಿಡು. ಉಳಿದದ್ದು ಸೋಮಾರಿತನ.

ಈಗ ದೊಡ್ಡ ಸುದ್ದಿ. ಯುಗಾದಿಯ ಮುಂಚೆ ನೀನು ಟ್ಯಾಬಿನಲ್ಲಿ ಬರೆದ ಮಾದರಿ ಪರೀಕ್ಷೆಯಲ್ಲಿ ಇಡೀ ಸೆಂಟರಿಗೇ ಮೊದಲು ಬಂದಿದ್ದೀಯ. ಇನ್ನೂರಕ್ಕೆ ನೂರ ಎಂಬತ್ತೆರಡು. ನೀನು ಕಾಗದದಲ್ಲಿ ಬರೆಯಲಿಲ್ಲ, ಹೇಳಿಕೊಳ್ಳುವ ಸ್ವಭಾವ ನಿನ್ನದಲ್ಲ. ಸೆಂಟರಿನವರು ಫೋನ್ ಮಾಡಿ ಫೋಟೊ ಕೇಳಿದರು. ಪದವಿ ತೆಗೆದುಕೊಂಡಾಗ ತೆಗೆಸಿದ ಫೋಟೊ ಕೊಟ್ಟೆ. ಸಂಪಿಗೆ ರಸ್ತೆಯಲ್ಲಿ ಅವರ ಬಾಗಿಲ ಮೇಲೆ ಆಳೆತ್ತರದ ಫ್ಲೆಕ್ಸ್ ಹಾಕಿದ್ದಾರೆ.

ಮಾರ್ಕೆಟ್ಟಿನಲ್ಲಿ ಮೆಟ್ರೋ ಹತ್ತಿ ನೋಡಲು ಹೋದೆವು, ಧನುವನ್ನೂ ಕರೆದುಕೊಂಡೆ. ನನಗೆ ಕಂಡದ್ದು ನೀಲಿ ಬಣ್ಣ ಒಂದೇ. ಅವಳು ಓದಿ ಹೇಳಿದಳು. ಮೇಲೆ ಸೆಂಟರಿನ ಹೆಸರು, ಕೆಳಗೆ ರಂಜಿನಿ ಸಿ., ಅದರ ಕೆಳಗೆ ಅಂಕ. ನಮ್ಮಪ್ಪ ಅಂಚೆ ಚೀಲ ಹೊರುತ್ತಿದ್ದ. ನಾನು ಚೀಲದೊಳಗಿನದನ್ನು ಓದಿ ಗೂಡಿಗೆ ಹಾಕಿದೆ. ನಮ್ಮ ಮನೆಯ ಹೆಸರು ಮಲ್ಲೇಶ್ವರದಲ್ಲಿ ಇಷ್ಟು ಎತ್ತರಕ್ಕೆ ಹೋದದ್ದು ಇದೇ ಮೊದಲು. ನನಗೆ ಬಹಳ ಸಂತೋಷವಾಗಿದೆ, ಅದನ್ನು ಬೇರೆ ಹೇಗೆ ಬರೆಸಬೇಕೋ ಗೊತ್ತಿಲ್ಲ.

ಪರೀಕ್ಷೆ ಜುಲೈ ಹದಿಮೂರು, ಭಾನುವಾರ. ರಜೆಗೆ ಈಗಲೇ ಬರೆದು ಕೊಡು.

ಚಲುವರಾಜು

ರಂಜಿನಿ, ಫ್ಲೆಕ್ಸಿನಲ್ಲಿ ನಿನ್ನ ಮುಖ ಚೆನ್ನಾಗಿ ಬಂದಿದೆ. ಎಷ್ಟು ಅಂಕ ಎಂದು ಮಾವ ಮೂರು ಸಲ ಕೇಳಿದರು, ಮೂರು ಸಲವೂ ಓದಿದೆ. ಹೂವಿನವಳನ್ನು ನಿಲ್ಲಿಸಿ, ನನ್ನ ಮಗಳು ಎಂದು ಮೇಲೆ ಕೈ ತೋರಿಸಿದರು. ಕೈ ತೋರಿಸಿದ್ದು ಪಕ್ಕದ ಒಡವೆ ಅಂಗಡಿಯ ಬೋರ್ಡಿಗೆ. ಅವಳು ನಕ್ಕಳು. ನಾನು ಮೊಳ ಹೂವು ಕೊಂಡೆ.

ನನಗೆ ಹೊಟ್ಟೆ ಉರಿಯಿತು, ರಂಜಿನಿ. ನಿನ್ನ ಮೇಲಲ್ಲ ಎಂದು ಬರೆಯಬೇಕು, ಆದರೆ ಅಲ್ಲಿ ನಿಂತಾಗ ನಿನ್ನ ಮೇಲೇ. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಮಾವ ತಟ್ಟೆ ಖಾಲಿ ಮಾಡಿದರು. ಅರ್ಜಿ ಹಾಕಿದ್ದೇನೆ. ನಿನ್ನದನ್ನೂ ನಾನೇ ತುಂಬಿದೆ ಎಂದು ಮಾವನಿಗೆ ಹೇಳಿದ್ದೇನೆ. ತುಂಬಿದ್ದು ಒಂದೇ.


ಬಸವನಗುಡಿ
18 ಮೇ 2025
ರಿಜಿಸ್ಟರ್ಡ್, ಸ್ವೀಕೃತಿ ಕಾರ್ಡ್ ಸಹಿತ

ರಂಜಿನಿಗೆ,

ಇದು ಮೂರ್ತಿಯ ಕೈಬರಹ. ಅವನ ಮನೆಯ ಜಗುಲಿಯಲ್ಲಿ ಕೂತು ಹೇಳುತ್ತಿದ್ದೇನೆ. ಈ ವಿಷಯವನ್ನು ಧನುವಿನ ಕೈಯಲ್ಲಿ ಬರೆಸಲಾರೆ. ಅವಳಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮನೆ ಕೆಲಸದಲ್ಲೇ ಸೋತಿರುತ್ತಾಳೆ. ಈಚೆಗೆ ಅಡುಗೆಮನೆಯಲ್ಲಿ ಒಬ್ಬಳೇ ಏನೋ ಪಿಸಪಿಸ ಹೇಳಿಕೊಳ್ಳುತ್ತಾಳೆ, ಯಾವುದೋ ಹರಕೆಯ ಜಪ ಇರಬೇಕು.

ಏಪ್ರಿಲ್‌ನಲ್ಲಿ ನಿನ್ನ ಕಾಗದ ಬರಲಿಲ್ಲ. ಹೊರದೇಶದಿಂದ ಬಂದು ಪರೀಕ್ಷೆ ಬರೆಯುವವರಿಗೆ ಬೇರೆ ನಿಯಮ ಇದೆಯೇ ಎಂದು ಕೇಳಲು ಕಳೆದ ಮಂಗಳವಾರ ಆಟೊ ಮಾಡಿಕೊಂಡು ಸೆಂಟರಿಗೆ ಹೋದೆ. ಕೌಂಟರಿನಲ್ಲಿದ್ದವನು ನಕ್ಕ. "ಮಸ್ಕತ್ತಾ? ಸಾಧ್ಯಾನೇ ಇಲ್ಲ ಸಾರ್. ದೇಶ ದಾಟಿದ್ರೆ ಈ ಟ್ಯಾಬ್ ಓಪನ್ನೇ ಆಗಲ್ಲ. ನಿಮ್ಮ ಮಗಳು ದಿನಾ ಬೆಂಗಳೂರಲ್ಲೇ ಕೂತು ಓದ್ತಿದ್ದಾರೆ" ಅಂದ. ಪಾಠ ಕದ್ದು ಮಾರುವವರಿಂದ ಕಾಪಾಡಲು ಹೀಗೆ ಮಾಡಿರುವುದಂತೆ. ಕಂಪ್ಯೂಟರಿನಲ್ಲಿ ನೋಡಿ ಇನ್ನೊಮ್ಮೆ ಹೇಳಿದ. ಡಿಸೆಂಬರಿನಿಂದ ಬೆಂಗಳೂರು, ಒಂದು ದಿನವೂ ತಪ್ಪಿಲ್ಲ.

ನೀನು ಮಸ್ಕತ್ತಿನಲ್ಲಿಲ್ಲ. ಈ ಊರಿನಲ್ಲೇ ಎಲ್ಲೋ ಒಂದು ರೂಮಿನಲ್ಲಿದ್ದೀಯ. ಫೋನಿನಲ್ಲಿ ನಿನ್ನ ದನಿ ಬರುತ್ತದೆ, ದನಿ ಎಲ್ಲಿಂದ ಬೇಕಾದರೂ ಬಂದೀತು. ವಿಡಿಯೊ ಹಾಕಿದರೆ ನನಗೆ ಕಾಣುವುದಿಲ್ಲ ಎಂದು ನಿನಗೆ ಗೊತ್ತು. ನಿನ್ನ ಹಳೆಯ ಕಾಗದಗಳನ್ನು ಇಲ್ಲಿಗೆ ತಂದು ಮೂರ್ತಿಯ ಕೈಗೆ ಕೊಟ್ಟೆ. ಭೂತಗನ್ನಡಿ ಹಿಡಿದು ನೋಡಿ, ಮುದ್ರೆ ಮಸ್ಕತ್ತಿನದ್ದೇ ಅನ್ನುತ್ತಾನೆ. ಅಲ್ಲಿ ಯಾರ ಕೈಯಲ್ಲಾದರೂ ಅಂಚೆಗೆ ಹಾಕಿಸುತ್ತಿರಬಹುದು. ಅಂಚೆಯ ಮುದ್ರೆಯನ್ನು ನಾನು ಅನುಮಾನಿಸಿದ್ದು ಜೀವನದಲ್ಲಿ ಇದೇ ಮೊದಲು, ಅದೂ ಮಗಳ ಕಾಗದದ ಮೇಲೆ.

ಕೆಲಸ ಹೋಯಿತೇ? ಯಾರಾದರೂ ಮೋಸ ಮಾಡಿದರೇ? ಹೇಳಲಾಗದಂಥದ್ದು ಏನಾದರೂ ಆಗಿದ್ದರೆ ಹೇಳಬೇಡ, ಮನೆಗೆ ಬಾ. ಬಾಗಿಲಲ್ಲಿ ನಿಲ್ಲಿಸಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಅನಿರುದ್ಧನ ಬಾಯಿ ಮುಚ್ಚಿಸುವುದು ನನಗಿರಲಿ. ನಾಲ್ಕು ದಿನದಿಂದ ನನಗೆ ಅನ್ನ ಇಳಿಯುತ್ತಿಲ್ಲ, ಸಕ್ಕರೆ ತಾನೇ ಇಳಿದಿದೆ.

ಈ ಕಾಗದವನ್ನು ಮಸ್ಕತ್ತಿನ ಬಾಕ್ಸಿಗೇ ಕಳಿಸುತ್ತಿದ್ದೇನೆ. ನೀನು ಅಲ್ಲಿದ್ದರೆ ಕಾರ್ಡಿಗೆ ಸಹಿ ಹಾಕುತ್ತೀಯ. ಕಾಗದ ವಾಪಸು ಬಂದರೆ ಉತ್ತರ ಸಿಕ್ಕಿತು ಎಂದುಕೊಳ್ಳುತ್ತೇನೆ.

ಅಪ್ಪ


ರೂವಿ, ಮಸ್ಕತ್
8 ಜೂನ್ 2025

ಅತ್ತಿಗೆ, ಈ ಕಾಗದವನ್ನು ಮೊದಲು ನೀವೊಬ್ಬರೇ ಓದಿಕೊಳ್ಳಿ. ಜೊತೆಗೆ ಮೂರ್ತಿ ಮಾವ ಬರೆದ ಕಾಗದದ ಫೋಟೊ ಪ್ರತಿ ಇಟ್ಟಿದ್ದೇನೆ, ಅದನ್ನೂ ಓದಿ. ಆಮೇಲೆ ಈ ಕೆಳಗಿನದನ್ನು ಅಪ್ಪನಿಗೆ ಓದುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಫೋನಿನಲ್ಲೇ ಅವರಿಗೆ ಹೇಳಿಬಿಡಬಹುದಿತ್ತು. ಹೇಳಿದ್ದರೆ ನಿಮ್ಮ ಬಾಯಿಂದ ಬರಬೇಕಾದದ್ದು ನನ್ನ ಬಾಯಿಂದ ಬರುತ್ತಿತ್ತು. ಓದಲು ಮನಸ್ಸಾಗದಿದ್ದರೆ ಫೋನ್ ಮಾಡಿ, ನನಗೆ ತಿಳಿದ ಹಾಗೆ ಇನ್ನೊಂದು ಸುಳ್ಳು ಹೊಸೆಯುತ್ತೇನೆ. ಅಭ್ಯಾಸವಾಗಿದೆ.

ಅಪ್ಪನಿಗೆ,

ನಿಮ್ಮ ರಿಜಿಸ್ಟರ್ಡ್ ಕಾಗದಕ್ಕೆ ನಾನೇ ಸಹಿ ಹಾಕಿದೆ. ನಾನು ಮಸ್ಕತ್ತಿನಲ್ಲೇ ಇದ್ದೇನೆ. ನನಗೆ ಏನೂ ಆಗಿಲ್ಲ. ಅಂಚೆಯ ಮುದ್ರೆ ಸುಳ್ಳಲ್ಲ, ಸುಳ್ಳು ಇದ್ದದ್ದು ಕಾಗದದ ಒಳಗೆ.

ಸೆಂಟರಿನವರು ಹೇಳಿದ್ದು ನಿಜ. ಟ್ಯಾಬ್ ಇಲ್ಲಿ ತೆರೆಯಲಿಲ್ಲ. ಡಿಸೆಂಬರಿನಲ್ಲೇ ವಾಪಸು ಕಳಿಸಿದೆ. ನಾನು ಒಂದು ಗಂಟೆಯೂ ಓದಿಲ್ಲ, ಜುಲೈಗೆ ಬರುವುದೂ ಇಲ್ಲ. ನನಗೆ ಆ ಕೆಲಸ ಬೇಡ ಅಪ್ಪ. ಇಲ್ಲಿಯ ಕೆಲಸಕ್ಕೆ 2027ರವರೆಗೆ ಸಹಿ ಹಾಕಿದ್ದೇನೆ. ಹೊರಡುವ ಮೊದಲೇ ಹೇಳಬೇಕಿತ್ತು. ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ, ಆಮೇಲೆ ನಿಮ್ಮ ಸಂತೋಷ ಓದಿ ಹೇಳಲಾಗಲಿಲ್ಲ. ನೀವು ಅನ್ನ ಬಿಟ್ಟದ್ದು ನನ್ನಿಂದ. ಅದಕ್ಕೆ ಕ್ಷಮೆ ಕೇಳುತ್ತೇನೆ.

ಆದರೆ ಆ ಗಂಟೆಗಳು ಸುಳ್ಳಲ್ಲ. ನೂರ ಎಂಬತ್ತೆರಡೂ ಸುಳ್ಳಲ್ಲ. ಅಷ್ಟನ್ನೂ ಓದಿದವರು ಒಬ್ಬರಿದ್ದಾರೆ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ.

ರಂಜಿನಿ


ಚಾಮರಾಜಪೇಟೆ
6 ಜುಲೈ 2025

ರಂಜಿನಿ,

ಇದು ಪೂರ್ತಿ ನನ್ನದೇ ಕಾಗದ. ಮಾವ ಹೇಳಿ ಬರೆಸಿದ್ದಲ್ಲ.

ನಿನ್ನ ಕಾಗದವನ್ನು ಎರಡು ದಿನ ಟ್ಯಾಬಿನ ಜೊತೆ ಇಟ್ಟಿದ್ದೆ. ನಿನ್ನ ಸಹಿಯ ಕಾರ್ಡ್ ಅದಕ್ಕಿಂತ ಮೊದಲೇ ಮೂರ್ತಿಯವರ ಮನೆಗೆ ತಲುಪಿತ್ತು. ಮಗಳು ಅಲ್ಲೇ ಇದ್ದಾಳೆ ಎಂದು ಮಾವನಿಗೆ ಗೊತ್ತಾಗಿ, ಊಟ ಮಾಡಲು ಶುರು ಮಾಡಿದ್ದರು. ಹಾಗಾದರೆ ಓದುತ್ತಿರುವುದು ಯಾರು ಎಂದು ಒಬ್ಬರೇ ಗೊಣಗುತ್ತಿದ್ದರು. ಕದ್ದ ಮಾಲು ಎಂದು ಪೊಲೀಸಿಗೆ ಹೇಳಬೇಕೇ ಎಂದು ನನ್ನನ್ನೇ ಕೇಳಿದರು. ಪೋಸ್ಟ್ ಬಂತಾ ಎಂದು ದಿನಕ್ಕೆ ಮೂರು ಸಲ ಕೇಳುತ್ತಿದ್ದರು. ಮೂರನೇ ದಿನ ಬೆಳಿಗ್ಗೆ, ಬಂದಿದೆ ಎಂದೆ.

ಓದಿದೆ. ಒಂದು ಅಕ್ಷರವನ್ನೂ ಬಿಡಲಿಲ್ಲ. ಅವರೇ ಹೇಳುತ್ತಾರೆ ಎನ್ನುವಲ್ಲಿ ನಿಂತೆ. ಮುಂದೆ ಓದು ಎಂದರು. ಮುಂದೆ ಏನೂ ಇಲ್ಲ ಮಾವ, ನಾನು, ಎಂದೆ. ಅರ್ಥವಾಗಲಿಲ್ಲ. ಟ್ಯಾಬ್ ತಂದು ಅವರ ಕೈಯಲ್ಲಿಟ್ಟೆ. ಬೆರಳಿನಿಂದ ಅಂಚು ಸವರಿ ನೋಡಿದರು, ರಾಗಿಹಿಟ್ಟು ಮೆತ್ತಿತ್ತು.

ಹೇಳಿದ್ದು ಒಂದೇ ಮಾತು. "ನಾನು ಶಭಾಷ್ ಅಂದಾಗೆಲ್ಲ ನಿನ್ ಕೈಯಲ್ಲೇ ಬರಿಸ್ದೆನಲ್ಲಮ್ಮ."

ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟೋ ನಾಚಿಕೆಯೋ ತಿಳಿಯಲಿಲ್ಲ. ಐದನೇ ದಿನ, ಕೆಲಸ ಬೀದರಿಗೆ ಹಾಕಿದರೆ ಏನು ಮಾಡುತ್ತೀಯ ಎಂದು ಕೇಳಿದರು. ಹೋಗುತ್ತೇನೆ ಎಂದೆ. ಆಗ ನಿನ್ನ ಅಮ್ಮ ತೀರಿಕೊಂಡ ದಿನದ ವಿಷಯ ತೆಗೆದರು. ಮಾವ ಡ್ಯೂಟಿಯ ಮೇಲೆ ಗುಂತಕಲ್ಲಿನಲ್ಲಿ ಇದ್ದರಂತೆ, ಸುದ್ದಿ ತಿಳಿದು ಬರುವಷ್ಟರಲ್ಲಿ ಮಣ್ಣಾಗಿತ್ತಂತೆ. ನೀನು ಆರು ವರ್ಷದವಳು, ಪಕ್ಕದ ಮನೆಯ ಮುನಿಯಕ್ಕನ ಮಡಿಲಲ್ಲಿ ಮಲಗಿದ್ದೆಯಂತೆ. ಹೊರಗಿದ್ದು ಮನೆ ನಡೆಸುವುದು ಏನು ಎಂದು ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಎಂದರು. ಇಷ್ಟು ವರ್ಷ ನನ್ನನ್ನು ತಡೆದದ್ದು ಅಧಿಕಾರ ಎಂದುಕೊಂಡಿದ್ದೆ, ಅದು ಹೆದರಿಕೆ. ಹೆದರಿಕೆ ಎಂದು ಗೊತ್ತಾದರೆ ಸುಲಭವಾಗುತ್ತದೆ ಎಂದೇನಿಲ್ಲ. ಅಧಿಕಾರದ ಎದುರು ಹಠ ಮಾಡಬಹುದಿತ್ತು.

ಮರುದಿನ ಸೆಂಟರಿಗೆ ಹೋಗಿ ಫ್ಲೆಕ್ಸಿನ ಮುಖ ಬದಲಿಸಿ ಎಂದರಂತೆ. ಸೇರಿರುವುದು ರಂಜಿನಿ ಹೆಸರಿನಲ್ಲಿ, ಆಗುವುದಿಲ್ಲ ಎಂದರಂತೆ ಅವರು. ಹಾಗಿದ್ದರೆ ಇಳಿಸಿ ಎಂದು ಮೆಟ್ಟಿಲ ಮೇಲೆ ಕೂತರಂತೆ. ಇಳಿಸಿ, ಸುತ್ತಿ, ಕೈಗೆ ಕೊಟ್ಟು ಕಳಿಸಿದ್ದಾರೆ. ಈಗ ನೀನು ಮಹಡಿಯ ಮೇಲೆ ನೀರಿನ ಡ್ರಮ್ಮಿಗೆ ಹೊದಿಕೆಯಾಗಿದ್ದೀಯ.

ಹಾಲ್ ಟಿಕೆಟ್ ಬಂದಿದೆ. ತೋರಿಸಿದೆ. ಬರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಈಗ ಟ್ಯಾಬನ್ನು ಊಟದ ಮೇಜಿನ ಮೇಲೇ ಇಟ್ಟು ಓದುತ್ತೇನೆ. ಅವರು ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ. ಬೇಡ ಅಂದರೂ ಬರೆಯುತ್ತೇನೆಯೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಹೂಂ ಎಂದು ಉತ್ತರ ಬಂದಿರುವುದು ಮೊನ್ನೆಯಿಂದ ಈಚೆಗೆ.

ಧನು


ಚಾಮರಾಜಪೇಟೆ
14 ಜುಲೈ 2025

ಮಗಳು ರಂಜಿನಿಗೆ,

ಮತ್ತೆ ನನ್ನ ಮಾತು, ಧನುವಿನ ಕೈ.

ನಿನ್ನೆ ಪರೀಕ್ಷೆ ಆಯಿತು. ಬಸವನಗುಡಿಯ ಕಾಲೇಜೊಂದರಲ್ಲಿ ಬಿದ್ದಿತ್ತು. ಅನಿರುದ್ಧನಿಗೆ ಡಿಪೋದಲ್ಲಿ ಭಾನುವಾರದ ಡ್ಯೂಟಿ. ಧನು ಚಪ್ಪಲಿ ಹಾಕಿಕೊಳ್ಳುವ ಸದ್ದು ಕೇಳಿ, ನಾನೂ ಬರುತ್ತೇನೆ, ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ ಎಂದೆ. ಗೇಟಿನಲ್ಲಿ ಅವಳ ಕಿವಿಯ ಓಲೆಯನ್ನೂ ಬಿಚ್ಚಿಸಿದರು. ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಎದುರಿನ ಹೊಂಗೆ ಮರದ ಕೆಳಗೆ ಕೂತೆವು. ಕಶ್ಯಪ್ ಕಡಲೆಕಾಯಿ ತಿಂದು ನನ್ನ ತೊಡೆಯ ಮೇಲೆ ಮಲಗಿದ. ಸುತ್ತ ಎಷ್ಟೋ ಜನ ಅಪ್ಪಂದಿರು, ಗಂಡಂದಿರು ಕೂತಿದ್ದರು. ಎಲ್ಲರೂ ತಮ್ಮವರು ಪಾಸಾಗಲಿ ಎಂದು ದೇವರನ್ನು ನೆನೆಯುತ್ತಿದ್ದರು. ನಾನು ಇವಳಿಗೆ ಆಗದೆ ಹೋಗಲಿ ಎಂದು ಬೇಡಿಕೊಂಡೆ.

ಧನು ಪೆನ್ನು ನಿಲ್ಲಿಸಿದ್ದಾಳೆ. ಬರಿ ಎಂದಿದ್ದೇನೆ.

ಎರಡು ಗಂಟೆ ಅದನ್ನೇ ಬೇಡಿಕೊಂಡೆ. ಇವಳು ಹೋದರೆ ಬೆಳಿಗ್ಗೆ ನನಗೆ ಪೇಪರ್ ಓದಿ ಹೇಳುವವರಿಲ್ಲ, ಮಗುವಿನ ಸದ್ದಿರುವುದಿಲ್ಲ, ಅನಿರುದ್ಧನೂ ನಾನೂ ಗೋಡೆ ನೋಡಿಕೊಂಡು ಉಣ್ಣಬೇಕು ಎಂದು ಯೋಚಿಸಿದೆ. ಅವಳು ಓದಿದ್ದನ್ನಾಗಲಿ ಅವಳ ವಯಸ್ಸನ್ನಾಗಲಿ ಯೋಚಿಸಲಿಲ್ಲ. ಬೆವರಿದ ಅಂಗೈಯಲ್ಲಿ ಅವಳ ಓಲೆ ಇತ್ತು, ಅದನ್ನು ಹಿಡಿದುಕೊಂಡೇ ಬೇಡಿಕೊಂಡೆ. ಬೆಲ್ ಹೊಡೆದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇದನ್ನು ಅವಳ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ನಿನಗೆ ಕಾಗದ ಬರೆಸುವ ನೆಪದಲ್ಲಿ ಅವಳ ಕೈಯಲ್ಲೇ ಬರೆಸುತ್ತಿದ್ದೇನೆ. ಒಮ್ಮೆ ತಡೆದೆ, ಇನ್ನೊಮ್ಮೆ ತಡೆಯುವುದಿಲ್ಲ. ಆರ್ಡರ್ ಯಾವ ಊರಿಗೆ ಬಂದರೂ ಹೋಗಲಿ, ಮಗುವನ್ನೂ ಕರೆದುಕೊಂಡು ಹೋಗಲಿ. ಇದನ್ನೂ ಬರಿ ಧನು.

ನೀನು ವಾಪಸು ಬರಬೇಕಾಗಿಲ್ಲ. ಬೇಡದ ಕೆಲಸಕ್ಕೆ ನಿನ್ನನ್ನು ಕರೆದೆ, ಬೇಕೆಂದವಳನ್ನು ಮನೆಯಲ್ಲಿ ಕೂರಿಸಿದೆ. ಅಷ್ಟು ವರ್ಷ ಬೇರೆಯವರ ಕಾಗದವನ್ನು ತಪ್ಪು ಗೂಡಿಗೆ ಹಾಕಿದವನಲ್ಲ ನಾನು. ನೀನು ಸುಳ್ಳು ಬರೆದದ್ದಕ್ಕೆ ಇನ್ನೂ ಸಿಟ್ಟಿದೆ. ಅದು ಇಳಿದ ಮೇಲೆ ತಿಳಿಸುತ್ತೇನೆ.

ಚಲುವರಾಜು

ರಂಜಿನಿ, ಮಾವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಮುಗಿದ ಮೇಲೆ ಒಮ್ಮೆ ಓದಿ ಹೇಳಿದೆ. ಬೇಡಿಕೊಂಡ ಸಾಲು ಬಂದಾಗ, ತೆಗೆದುಬಿಡಲೇ ಎಂದು ಕೇಳಿದೆ. ಇರಲಿ ಎಂದರು. ಸಹಿ ಎಲ್ಲಿ ಹಾಕಬೇಕೆಂದು ನನ್ನ ಬೆರಳು ಹಿಡಿದು ಕೇಳಿ ಹಾಕಿದರು.

ಪೇಪರ್ ಹೇಗಿತ್ತು ಎಂದು ನಿನ್ನೆಯಿಂದ ಅವರು ಕೇಳಿಲ್ಲ. ಸುಲಭವಾಗಿತ್ತು, ರಂಜಿನಿ. ನೂರರಲ್ಲಿ ನಾಲ್ಕು ಪ್ರಶ್ನೆ ಬಿಟ್ಟೆ, ಅಷ್ಟೆ. ನನಗೆ ಈ ಕೆಲಸ ಆಗುತ್ತದೆ. ಮಾವ ಊಟಕ್ಕೆ ಕೂತಿದ್ದಾರೆ. ಊಟ ಮುಗಿಯಲಿ, ಆಮೇಲೆ ಹೇಳುತ್ತೇನೆ.

ಧನು